ಒಳಗೆ ಸತ್ತವರ ಲೆಕ್ಕ ಒಳಗಿನವರೇ ಬರೆದರೆ

ಸಾಫ್ಟ್‌ವೇರ್ ಕೆಲಸದಲ್ಲಿ ‘ಪೋಸ್ಟ್‌ಮಾರ್ಟಂ’ ಅನ್ನೋ ಪದ ತಿಂಗಳಿಗೊಂದು ಸಲವಾದರೂ ಕಿವಿಗೆ ಬೀಳುತ್ತೆ. ಸರ್ವರ್ ಅರ್ಧ ಗಂಟೆ ಬಿದ್ದುಹೋಯ್ತು ಅನ್ನಿ, ಜನಕ್ಕೆ ದುಡ್ಡು ಕಳಿಸೋಕೆ ಆಗಲಿಲ್ಲ ಅನ್ನಿ, ಎಲ್ಲ ಸರಿಹೋದ ಮೇಲೆ ಒಂದು ಮೀಟಿಂಗ್ ಇರುತ್ತೆ. ಮೊದಲ ಸೂಚನೆ ಎಷ್ಟು ಗಂಟೆಗೆ ಬಂತು, ಯಾರು ನೋಡಿದರು, ನೋಡಿದವರು ಏನು ಮಾಡಿದರು, ಎಲ್ಲಿ ತಡವಾಯ್ತು ಅಂತ ನಿಮಿಷ ನಿಮಿಷದ ಲೆಕ್ಕ ಬರೆದು ಎಲ್ಲರಿಗೂ ಕಾಣೋ ಹಾಗೆ ಇಡ್ತೀವಿ. ತಪ್ಪು ನಡೆದ ತಂಡವೇ ಕೂತು ಅದನ್ನು ಬರೆದು ಮುಗಿಸೋ ಹಾಗಿಲ್ಲ. ಬೇರೆ ತಂಡದವರೊಬ್ಬರು ಎದುರು ಕೂತು ಪ್ರಶ್ನೆ ಕೇಳ್ತಾರೆ. ಕೋಡಿನ ವಿಷಯದಲ್ಲೂ ಅಷ್ಟೇ, ನಾನು ಬರೆದದ್ದನ್ನು ನಾನೇ ‘ಅಪ್ರೂವ್’ ಅಂತ ಒತ್ತೋಕಾಗಲ್ಲ. ಹಾಗಂತ ನನ್ನ ಮೇಲೆ ಯಾರಿಗೂ ಅನುಮಾನ ಇಲ್ಲ. ತಾನು ಬರೆದದ್ದರಲ್ಲಿರೋ ತಪ್ಪು ತನ್ನ ಕಣ್ಣಿಗೆ ಬೀಳಲ್ಲ ಅನ್ನೋದು ಈ ಕಸುಬಿನಲ್ಲಿರೋ ಎಲ್ಲರಿಗೂ ಗೊತ್ತು.

ನಮ್ಮೂರಲ್ಲಿ ಅದೇ ಪದಕ್ಕೆ ಒಂದೇ ಅರ್ಥ. ‘ಪೋಸ್ಟ್‌ಮಾರ್ಟಂ’ ಅಂದರೆ ‘ಕೊಯ್ತಾರೆ’. ಹಾವು ಕಚ್ಚಿ ಸತ್ತರೆ, ಬಾವಿಗೆ ಬಿದ್ದು ಸತ್ತರೆ, ಆಕ್ಸಿಡೆಂಟಾದರೆ ಕೊಯ್ತಾರೆ. ಕೊಯ್ದ ಮೇಲೆ ಏನು ಬರೆದರು ಅಂತ ಕೇಳೋ ಅಭ್ಯಾಸ ನಮ್ಮವರಿಗಿಲ್ಲ. ಕಾಯ ಕೈಗೆ ಸಿಕ್ಕಿತಲ್ಲ, ಹೊತ್ತು ಮುಳುಗೋದರೊಳಗೆ ಮಣ್ಣು ಮಾಡೋಣ ಅನ್ನೋದೇ ಎಲ್ಲರ ಧಾವಂತ.

2019ರ ಬೇಸಿಗೆಯಲ್ಲಿ ನಮ್ಮ ಕೇರಿಯ ಒಬ್ಬ ಅಣ್ಣ ಜೈಲಿನಲ್ಲಿ ತೀರಿಕೊಂಡ. ಯಾವ ಜೈಲು ಅನ್ನೋದು ಇಲ್ಲಿ ಬೇಡ. ತೆಂಗಿನಕಾಯಿ ಸುಲಿಯೋದರಲ್ಲಿ ಅವನ ಕೈ ಹಿಡಿಯೋರು ಇರಲಿಲ್ಲ. ಒಂದು ಬದುವಿನ ಜಗಳದಲ್ಲಿ ಎದುರಿನವನ ತಲೆ ಒಡೆಯಿತು, ಕೇಸಾಯ್ತು, ಇವನನ್ನು ಒಳಗೆ ಹಾಕಿದರು. ಜಾಮೀನು ಸಿಕ್ಕಿತ್ತು, ಆದರೆ ಶ್ಯೂರಿಟಿ ಕೊಡೋರು ತಮ್ಮ ಹೆಸರಿನ ಪಹಣಿ ತರಬೇಕು. ಬದುವಿನ ಜಗಳದಲ್ಲಿ ಊರೇ ಎರಡು ಪಾಲಾಗಿರೋವಾಗ ತಮ್ಮ ಪಹಣಿ ಕೊಡೋಕೆ ಯಾರೂ ಮುಂದೆ ಬರಲಿಲ್ಲ. ನಾಲ್ಕನೇ ತಿಂಗಳಲ್ಲಿ ಠಾಣೆಯಿಂದ ಫೋನ್ ಬಂತು. ಎದೆನೋವು ಅಂದನಂತೆ, ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ದಾರೀಲಿ ಹೋದನಂತೆ. ಅವನ ತಮ್ಮ ಶವಾಗಾರದ ಹತ್ತಿರ ನಾಲ್ಕೈದು ಕಾಗದಕ್ಕೆ ಸಹಿ ಹಾಕಿ ಹೆಣ ತಂದ.

ಆಮೇಲೆ ಶುರುವಾಯ್ತು ನೋಡಿ. ಒಳಗೆ ಹೊಡೆದು ಸಾಯಿಸಿದರು ಅಂತ ಒಂದು ಗುಂಪು. ಎದುರಾಳಿ ಕಡೆಯವರು ದುಡ್ಡು ಕೊಟ್ಟು ಮಾಡಿಸಿದರು ಅಂತ ಇನ್ನೊಂದು. ಅವನೇ ಏನೋ ಕುಡಿದುಬಿಟ್ಟ ಅಂತ ಮತ್ತೊಂದು. ಎದೆನೋವೇ ಇದ್ದಿರಬಹುದು, ಅವರಪ್ಪನೂ ಹಾಗೇ ಹೋಗಿದ್ದು ಅಂತ ಅಂದವರು ಒಬ್ಬಿಬ್ಬರು, ಅವರ ಮಾತು ಯಾರೂ ಕೇಳಲಿಲ್ಲ. ಬದುವಿನ ಜಗಳ ಕೊಲೆಯ ಹಗೆಯಾಯ್ತು. ಈಗಲೂ ಆ ಎರಡು ಮನೆಯವರು ಒಂದೇ ನೀರಿನ ಟ್ಯಾಂಕಿನ ಹತ್ತಿರ ಒಟ್ಟಿಗೆ ನಿಲ್ಲಲ್ಲ.

ಎದೆನೋವು ಅನ್ನೋದು ನಿಜವೇ ಇದ್ದಿರಬಹುದು. ಜೈಲಿನವರು ಮಾಡಬೇಕಾದ್ದೆಲ್ಲ ಮಾಡಿದ್ದಿರಬಹುದು. ಆದರೆ ಆ ನಿಜವನ್ನು ಹೇಳಿದವರು ಅವನನ್ನು ಕಾಯಬೇಕಾಗಿದ್ದವರೇ. ಬೇರೆ ಯಾರೂ ಬಂದು ಹೇಳಲಿಲ್ಲ. ಹಾಗಾಗಿ ಆ ನಿಜಕ್ಕೂ ನಮ್ಮೂರಲ್ಲಿ ಬೆಲೆ ಬರಲಿಲ್ಲ.

ಇದನ್ನ ಆಫೀಸಿನಲ್ಲಿ ಟೀ ಕುಡೀವಾಗ ಹೇಳಿದರೆ ‘ಜೈಲಿಗೆ ಹೋದವರ ಬಗ್ಗೆ ಯಾಕೆ ಗುರು ತಲೆ ಕೆಡಿಸ್ಕೊಳ್ತೀಯ’ ಅನ್ನೋರೇ ಜಾಸ್ತಿ. ಅಂಥವರಿಗೆ ಸರ್ಕಾರದ್ದೇ ಅಂಕಿ ಹೇಳ್ತೀನಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಪ್ರತಿ ನಾಲ್ವರಲ್ಲಿ ಮೂವರ ಮೇಲೆ ಇನ್ನೂ ತಪ್ಪು ಸಾಬೀತಾಗಿಲ್ಲ. ನೂರು ಜನಕ್ಕೆ ಕಟ್ಟಿದ ಜಾಗದಲ್ಲಿ 131 ಜನ ಇದ್ದರು. ಆ ಒಂದು ವರ್ಷ ಜೈಲುಗಳಲ್ಲಿ ಸತ್ತವರು 1,995. ‘ಸಹಜ ಸಾವು’ ಕಾಲಂನಲ್ಲಿ 1,773, ‘ಅಸಹಜ’ದಲ್ಲಿ 159, ಉಳಿದವರ ಕಾರಣ ಇನ್ನೂ ಗೊತ್ತಾಗಿರಲಿಲ್ಲ.

ಈ ‘ಸಹಜ’ ಅನ್ನೋ ಕಾಲಂ ಬಗ್ಗೆ ಸುಪ್ರೀಂ ಕೋರ್ಟೇ ಒಂದು ಪ್ರಶ್ನೆ ಕೇಳಿದೆ. ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಆರ್.ಸಿ. ಲಾಹೋಟಿಯವರು 2013ರಲ್ಲಿ 1,382 ಜೈಲುಗಳ ಸ್ಥಿತಿ ನೋಡಿ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವೇ ಕೇಸಾಯ್ತು. ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠ 2017ರ ಸೆಪ್ಟೆಂಬರ್ 15ರಂದು ಕೊಟ್ಟ ತೀರ್ಪಿನಲ್ಲಿ, ಸಹಜ ಅಸಹಜ ಅಂತ ಮಾಡಿರೋ ಈ ವಿಂಗಡಣೆಯೇ ಸ್ಪಷ್ಟವಿಲ್ಲ ಅಂತ ಹೇಳಿತು. ಹೊತ್ತಿಗೆ ಸರಿಯಾಗಿ ವೈದ್ಯರು ಸಿಗದೆ ಒಬ್ಬ ಕೈದಿ ಸತ್ತರೆ ಅದು ಯಾವ ಕಾಲಂಗೆ ಹೋಗಬೇಕು? 2012ರಿಂದ 2015ರವರೆಗೆ ಅಸಹಜವಾಗಿ ಸತ್ತ ಕೈದಿಗಳ ಮನೆಯವರನ್ನು ಹುಡುಕಿ, ಸಾಕಷ್ಟು ಪರಿಹಾರ ಸಿಕ್ಕಿಲ್ಲದಿದ್ದರೆ ಕೊಡಿಸಿ ಅಂತ ಎಲ್ಲ ಹೈಕೋರ್ಟುಗಳಿಗೂ ಹೇಳಿತು.

ಡೇಟಾ ಜೊತೆ ಕೆಲಸ ಮಾಡೋ ನಮ್ಮಂಥವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಲಂ ತುಂಬೋನು ಯಾರು ಅನ್ನೋದರ ಮೇಲೆ ಕಾಲಂನಲ್ಲಿ ಬರೋ ಉತ್ತರ ನಿಂತಿರುತ್ತೆ. ಮಧ್ಯರಾತ್ರಿ ‘ಎದೆ ಉರೀತಿದೆ’ ಅಂತ ಕೂಗಿದವನ ಹತ್ತಿರ ಯಾರೂ ಬರದೆ ಬೆಳಿಗ್ಗೆ ಅವನು ಸತ್ತಿದ್ದರೆ, ವೈದ್ಯರ ಪುಸ್ತಕದಲ್ಲಿ ಅದು ಹೃದಯಾಘಾತ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೂಗಿದ್ದು ಎಷ್ಟು ಹೊತ್ತಿಗೆ, ಬಾಗಿಲು ತೆಗೆದದ್ದು ಎಷ್ಟು ಹೊತ್ತಿಗೆ ಅನ್ನೋದಕ್ಕೆ ಅಲ್ಲಿ ಜಾಗವೇ ಇರಲ್ಲ.

ಹಾಗಾದರೆ ಹೊರಗಿನವರು ನೋಡೋ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ? ಇದೆ. ಅಣ್ಣ ಸತ್ತ ಮೇಲೆ ಇದನ್ನೆಲ್ಲ ಓದೋಕೆ ಕೂತಾಗ ನನಗೇ ಆಶ್ಚರ್ಯ ಆಯ್ತು. 1993ರಲ್ಲಿ ಶುರುವಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಅದೇ ವರ್ಷ ಡಿಸೆಂಬರಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆಯಿತು: ಕಸ್ಟಡಿಯಲ್ಲಿ ಯಾರೇ ಸತ್ತರೂ 24 ಗಂಟೆಯೊಳಗೆ ನಮಗೆ ತಿಳಿಸಿ. 1995ರಲ್ಲಿ, ಅಂಥ ಶವಪರೀಕ್ಷೆಯನ್ನು ವಿಡಿಯೋ ಮಾಡಿ ಕಳಿಸಿ ಅಂತ ಹೇಳಿತು. 2005ರಲ್ಲಿ ಸಿಆರ್‌ಪಿಸಿ ತಿದ್ದುಪಡಿಯಾಗಿ 176ನೇ ಸೆಕ್ಷನ್ನಿಗೆ (1ಎ) ಅಂತ ಒಂದು ಉಪಕಲಮು ಸೇರಿತು. ಪೊಲೀಸ್ ಕಸ್ಟಡಿಯಲ್ಲಾಗಲಿ, ಕೋರ್ಟು ಒಪ್ಪಿಸಿದ ಇನ್ಯಾವುದೇ ಕಸ್ಟಡಿಯಲ್ಲಾಗಲಿ ಯಾರಾದರೂ ಸತ್ತರೆ, ಪೊಲೀಸ್ ತನಿಖೆಯ ಜೊತೆಗೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರೂ ವಿಚಾರಣೆ ಮಾಡಬೇಕು ಅಂತ ಅದರ ಅರ್ಥ. ಅದಕ್ಕೂ ಮುಂಚೆ ಈ ಕೆಲಸ ಮಾಡ್ತಿದ್ದದ್ದು ತಹಸೀಲ್ದಾರರು, ಎ.ಸಿ.ಗಳು. ಪೊಲೀಸರ ಜೊತೆ ದಿನಾ ಮೀಟಿಂಗಿನಲ್ಲಿ ಕೂರೋರು, ಅದೇ ಸರ್ಕಾರದ ನೌಕರರು. ಜಡ್ಜ್ ಆದರೆ ಆ ಸಾಲಿಗೆ ಸೇರಿದವರಲ್ಲ ಅನ್ನೋದೇ ತಿದ್ದುಪಡಿಯ ಉದ್ದೇಶ. ಈಗ 2024ರ ಜುಲೈನಿಂದ ಬಂದಿರೋ ಹೊಸ ಸಂಹಿತೆಯಲ್ಲಿ ಇದು 196ನೇ ಸೆಕ್ಷನ್.

ಅದರೊಳಗೇ ಇನ್ನೊಂದು ಸಾಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಸತ್ತವರ ಸಂಬಂಧಿಕರ ಹೆಸರು ವಿಳಾಸ ಗೊತ್ತಿದ್ದರೆ, ಸಾಧ್ಯವಿರೋ ಕಡೆಯೆಲ್ಲ ಮ್ಯಾಜಿಸ್ಟ್ರೇಟರು ಅವರಿಗೆ ತಿಳಿಸಬೇಕು, ವಿಚಾರಣೆಯಲ್ಲಿ ಹಾಜರಿರೋಕೆ ಬಿಡಬೇಕು.

ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯೋಕಾಗಲ್ಲ. ನಡೆಯೋದು ಬೇರೆ. ತಿದ್ದುಪಡಿ ಬಂದು ಇಷ್ಟು ವರ್ಷವಾದರೂ ನ್ಯಾಯಾಂಗ ವಿಚಾರಣೆ ನಡೀತಾನೇ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿಗೇ ಅರ್ಜಿ ಹೋಯ್ತು. ಮಾನವ ಹಕ್ಕು ಆಯೋಗ ಕೊಡೋದು ಶಿಫಾರಸು, ಆದೇಶ ಅಲ್ಲ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ಅದನ್ನು ವಿಚಾರಿಸೋ ಹಾಗಿಲ್ಲ ಅಂತ ಅದರ ಕಾಯ್ದೆಯೇ ಹೇಳುತ್ತೆ. ಇನ್ನು ಆಯೋಗದ ತನಿಖಾ ವಿಭಾಗದಲ್ಲಿ ಇರೋರು ಹೆಚ್ಚಾಗಿ ಎರವಲು ಸೇವೆಯ ಮೇಲೆ ಬಂದ ಪೊಲೀಸ್ ಅಧಿಕಾರಿಗಳು. ಪೊಲೀಸರ ಮೇಲಿನ ದೂರನ್ನು ಪೊಲೀಸರೇ ನೋಡೋದು ಹೇಗೆ ಅನ್ನೋದು, 2023ರಲ್ಲಿ ಜಾಗತಿಕ ಮಾನವ ಹಕ್ಕು ಸಂಸ್ಥೆಗಳ ಒಕ್ಕೂಟ ನಮ್ಮ ಆಯೋಗದ ಮಾನ್ಯತೆಯನ್ನು ಮುಂದೂಡಿದ್ದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಮತ್ತೆ ಅಣ್ಣನ ವಿಷಯಕ್ಕೆ ಬರ್ತೀನಿ. ಅವನು ಸತ್ತು ವರ್ಷ ದಾಟಿದ ಮೇಲೆ ಅವನ ತಾಯಿ, ನಾನು ದೊಡ್ಡವ್ವ ಅಂತ ಕರೆಯೋರು, ಹಬ್ಬಕ್ಕೆ ಹೋದಾಗ ನನ್ನ ಕೈ ಹಿಡ್ಕೊಂಡು ಕೂರಿಸಿದರು. ‘ನೀನು ಓದಿರೋನು ಮಗ. ಅದೇನು ಬರೆದವ್ರೆ ಅಂತ ತಂದು ಒಂದ್ಸಲ ಓದಿ ಹೇಳು’ ಅಂದರು. ಅವರ ಹೆಸರಲ್ಲೇ ಮಾಹಿತಿ ಹಕ್ಕಿನ ಅರ್ಜಿ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಒಂದು ಕವರು ಬಂತು. ಅದರಲ್ಲಿ ಎರಡು ವಿಷಯ ಇತ್ತು. ಮ್ಯಾಜಿಸ್ಟ್ರೇಟ್ ವಿಚಾರಣೆ ಮುಗಿದಿದೆ, ವರದಿ ಬೇಕಾದರೆ ಕೋರ್ಟಿನಲ್ಲಿ ಕೇಳಿ ಅನ್ನೋದು ಒಂದು. ಶವಪರೀಕ್ಷೆ ವರದಿಯ ಜೆರಾಕ್ಸ್ ಇನ್ನೊಂದು.

ವಿಚಾರಣೆ ನಡೆದುಹೋಗಿತ್ತು! ಆ ಮನೆಗೆ ಒಂದು ಕಾಗದ ಬಂದಿರಲಿಲ್ಲ. ಹಳೇ ಠಾಣೆ ದಾಖಲೆಯಲ್ಲಿ, ಕೇಸಿನ ಕಾಗದದಲ್ಲಿ, ಹೆಣ ಕೊಟ್ಟ ರಸೀತಿಯಲ್ಲಿ ಎಲ್ಲ ಕಡೆ ಅವರ ವಿಳಾಸ ಇದೆ.

ದೊಡ್ಡವ್ವನ ಪಡಸಾಲೆಯಲ್ಲಿ ಕೂತು ಆ ಜೆರಾಕ್ಸನ್ನು ಕನ್ನಡದಲ್ಲಿ ಹೇಳ್ತಾ ಹೋದೆ. ಎತ್ತರ ಇಷ್ಟು, ಮೈಕಟ್ಟು ಸಾಧಾರಣ. ಎಡ ಮೊಣಕೈ ಮೇಲೆ ಹಳೇ ಗಾಯದ ಕಲೆ. ‘ಅದು ಕಾಯಿ ಸುಲಿಯೋ ಗಾಳದ ಗಾಯ’ ಅಂದರು. ಮೈಮೇಲೆ ಹೊಸ ಗಾಯ ಕಾಣಲಿಲ್ಲ. ಹೃದಯದ ತೂಕ ಇಷ್ಟು ಗ್ರಾಂ. ‘ತೂಕ ಯಾಕೆ ಹಾಕಿದ್ರು?’ ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಹೊಟ್ಟೆಯಲ್ಲಿ ಅರೆ ಜೀರ್ಣವಾದ ಅನ್ನ ಅಂತ ಬರೆದಿತ್ತು. ಅಲ್ಲಿ ನನ್ನ ಕೈ ಒತ್ತಿ ನಿಲ್ಲಿಸಿದರು. ‘ಹಂಗಾದ್ರೆ ಉಂಡಿದ್ದ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಂಡ್ಕೊಂಡು ಹೋದ’ ಅಂತ ಇನ್ನೊಂದು ಸಲ ತಮಗೆ ತಾವೇ ಹೇಳಿಕೊಂಡರು. ಕೊನೆಯ ಸಾಲಲ್ಲಿ, ಅಂತಿಮ ಅಭಿಪ್ರಾಯ ರಾಸಾಯನಿಕ ಪರೀಕ್ಷೆ ವರದಿ ಬಂದ ಮೇಲೆ ಅಂತ ಇತ್ತು. ಆ ವರದಿ ಕವರಿನಲ್ಲಿ ಇರಲಿಲ್ಲ.

ಅವತ್ತು ನಾನು ಗಮನಿಸಿದ್ದೇನಂದರೆ, ದೊಡ್ಡವ್ವ ಯಾರಿಗೂ ಶಿಕ್ಷೆ ಆಗಲಿ ಅಂತ ಕೇಳಲಿಲ್ಲ. ಪರಿಹಾರದ ಮಾತೂ ಬರಲಿಲ್ಲ. ನೋವು ಅಂದಾಗ ಯಾರಾದ್ರೂ ಹತ್ತಿರ ಇದ್ರಾ, ನೀರು ಕೊಟ್ರಾ, ಕೊನೆಗೆ ಏನಾದ್ರೂ ಅಂದನಾ — ಇಷ್ಟೇ ಅವರ ಪ್ರಶ್ನೆ. ಹೃದಯದ ತೂಕ ಇರೋ ವರದಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಪಕ್ಕದ ಹಾಸಿಗೆಯ ಕೈದಿಯನ್ನು, ಅವತ್ತು ರಾತ್ರಿ ಪಾಳಿಯಲ್ಲಿದ್ದ ವಾರ್ಡರನ್ನು ಕೂರಿಸಿ ಕೇಳಿದರೆ ಮಾತ್ರ ಸಿಗೋ ಉತ್ತರ ಅದು.

ಬೇರೆ ದೇಶದಲ್ಲಿ ಇದನ್ನ ಹೇಗೆ ಮಾಡ್ತಾರೆ ಅಂತ ಹುಡುಕಿದಾಗ ಸಿಕ್ಕಿದ್ದು ಬ್ರಿಟನ್ನಿನ ಒಂದು ಪ್ರಕರಣ. ಜಾಹಿದ್ ಮುಬಾರಕ್ ಅನ್ನೋ 19 ವರ್ಷದ ಹುಡುಗ. ಆರು ಪೌಂಡ್ ಬೆಲೆಯ ರೇಜರ್ ಬ್ಲೇಡ್ ಕದ್ದಿದ್ದು, ಒಂದು ಕಾರಿಗೆ ಕೈ ಹಾಕಿದ್ದು ಅವನ ತಪ್ಪು. 90 ದಿನ ಶಿಕ್ಷೆಯಾಗಿ ಲಂಡನ್ ಹತ್ತಿರದ ಫೆಲ್ತಮ್ ಜೈಲಿನಲ್ಲಿದ್ದ. ಜನಾಂಗ ದ್ವೇಷ ತಲೆಗೇರಿದ್ದ, ಹಿಂಸೆಯ ಹಿನ್ನೆಲೆಯಿದ್ದ ಒಬ್ಬನನ್ನು ಅವನ ಜೊತೆ ಒಂದೇ ಕೋಣೆಯಲ್ಲಿ ಹಾಕಿದ್ದರು. 2000ದ ಮಾರ್ಚ್ 21ರ ಬೆಳಗಿನ ಜಾವ, ಜಾಹಿದ್ ಬಿಡುಗಡೆಯಾಗೋಕೆ ಕೆಲವೇ ಗಂಟೆ ಇದ್ದಾಗ, ಅವನು ಮೇಜಿನ ಕಾಲು ಕಿತ್ತು ಮಲಗಿದ್ದ ಹುಡುಗನ ತಲೆಗೆ ಹೊಡೆದ. ವಾರದ ಮೇಲೆ ಹುಡುಗ ಆಸ್ಪತ್ರೆಯಲ್ಲಿ ಸತ್ತ.

ಹೊಡೆದವನಿಗೆ ಜೀವಾವಧಿ ಆಯ್ತು. ಜೈಲು ಇಲಾಖೆ ತಾನೇ ಒಂದು ತನಿಖೆ ಮಾಡಿತು. ಗಮನಿಸಿ, ಅದು ಮುಚ್ಚಿಹಾಕೋ ತನಿಖೆ ಆಗಿರಲಿಲ್ಲ. ತಪ್ಪಾಗಿದೆ ಅಂತ ಇಲಾಖೆ ಒಪ್ಪಿಕೊಂಡಿತು. ಇನ್ನೇನು ಬೇಕು, ಸಾರ್ವಜನಿಕ ವಿಚಾರಣೆ ಅಗತ್ಯ ಇಲ್ಲ ಅಂದಿತು ಸರ್ಕಾರ. ಹುಡುಗನ ಚಿಕ್ಕಪ್ಪ ಬಿಡಲಿಲ್ಲ, ದೇಶದ ಅತ್ಯುನ್ನತ ಪೀಠದವರೆಗೂ ಹೋದರು. 2003ರ ಅಕ್ಟೋಬರಿನಲ್ಲಿ ಲಾರ್ಡ್ ಬಿಂಗಮ್ ಮತ್ತವರ ಜೊತೆಗಾರರು ಕುಟುಂಬದ ಪರ ತೀರ್ಪು ಕೊಟ್ಟರು. ತನಿಖೆ ಮಾಡಿದವರು ಅದೇ ಇಲಾಖೆಯವರು, ತನಿಖೆ ಬಾಗಿಲು ಮುಚ್ಚಿ ನಡೆದಿದೆ, ವರದಿ ಪ್ರಕಟವಾಗಿಲ್ಲ, ಮನೆಯವರಿಗೆ ಅದರಲ್ಲಿ ಪಾಲಿಲ್ಲ ಅನ್ನೋದು ಅವರು ಎತ್ತಿ ತೋರಿಸಿದ ಕೊರತೆ.

ಇಂಥ ವಿಚಾರಣೆ ಯಾಕೆ ಬೇಕು ಅಂತ ಬಿಂಗಮ್ ಪಟ್ಟಿ ಮಾಡಿದ್ದಾರೆ. ನನ್ನ ಮಾತಿನಲ್ಲಿ ಹೇಳೋದಾದರೆ: ಪೂರ್ತಿ ಸಂಗತಿ ಹೊರಗೆ ಬರಬೇಕು, ತಪ್ಪು ಮಾಡಿದವರಿದ್ದರೆ ಬಯಲಾಗಬೇಕು, ಬೇಕಂತಲೇ ಮಾಡಿದರು ಅನ್ನೋ ಅನುಮಾನ ಸುಳ್ಳಾಗಿದ್ದರೆ ಅದು ಹೋಗಬೇಕು, ಅಪಾಯದ ರೂಢಿಗಳು ಸರಿಯಾಗಬೇಕು, ತಮ್ಮವನ ಸಾವಿನಿಂದ ಕಲಿತ ಪಾಠ ಇನ್ನೊಬ್ಬರ ಜೀವ ಉಳಿಸಬಹುದು ಅನ್ನೋ ಸಮಾಧಾನ ಮನೆಯವರಿಗೆ ಸಿಗಬೇಕು.

ಮೂರನೆಯದನ್ನ ಇನ್ನೊಂದು ಸಲ ಓದಿ. ಅನುಮಾನ ಸುಳ್ಳಾಗಿದ್ದರೆ ಅದೂ ಹೋಗಬೇಕು. ಹೊರಗಿನವರ ತನಿಖೆ ಅಂದರೆ ಜೈಲು ಸಿಬ್ಬಂದಿಯನ್ನು ಕಟಕಟೆಗೆ ನಿಲ್ಲಿಸೋದು ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮ ಅಣ್ಣನ ರಾತ್ರಿ ಪಾಳಿಯ ವಾರ್ಡರು ಒಳ್ಳೆಯ ಮನುಷ್ಯನಾಗಿದ್ದರೆ, ಓಡಿಹೋಗಿ ಬಾಗಿಲು ತೆಗೆದಿದ್ದರೆ, ನಮ್ಮೂರಿನವರ ಬಾಯಲ್ಲಿ ಅವನು ಈಗಲೂ ಕೊಲೆಗಾರನೇ. ಅವನ ಪರ ಹೇಳೋಕೆ ಅವನ ಇಲಾಖೆ ಬಿಟ್ಟು ಇನ್ಯಾರೂ ಇಲ್ಲ. ಸ್ವತಂತ್ರ ತನಿಖೆ ಅವನಿಗೂ ಬೇಕಾಗಿತ್ತು.

ಮುಬಾರಕ್ ಪ್ರಕರಣದಲ್ಲಿ ಕೊನೆಗೆ ನ್ಯಾಯಮೂರ್ತಿ ಕೀತ್ ಅವರ ಸಾರ್ವಜನಿಕ ವಿಚಾರಣೆ ನಡೆದು 2006ರ ಜೂನಿನಲ್ಲಿ ವರದಿ ಬಂತು. ಅವರು ಪಟ್ಟಿ ಮಾಡಿದ ಲೋಪಗಳು 186. ಅಷ್ಟರಲ್ಲಿ, 2004ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ನಡೆಯೋ ಪ್ರತಿ ಸಾವನ್ನೂ, ಕಾಯಿಲೆಯದ್ದೇ ಆಗಿರಲಿ, ಜೈಲು ಇಲಾಖೆಯ ಹೊರಗಿನ ಒಬ್ಬ ಓಂಬುಡ್ಸ್‌ಮನ್ ತನಿಖೆ ಮಾಡೋ ಪದ್ಧತಿ ಬಂದಿತ್ತು. ಅವರ ಕಚೇರಿಯಿಂದ ಮನೆಯವರನ್ನು ಮಾತಾಡಿಸ್ತಾರೆ, ನಿಮಗೆ ಏನೇನು ತಿಳೀಬೇಕು ಅಂತ ಕೇಳ್ತಾರೆ, ಕರಡು ವರದಿ ತೋರಿಸ್ತಾರೆ. ಆಮೇಲೆ ವರದಿಯನ್ನು ಯಾರು ಬೇಕಾದರೂ ಓದಬಹುದು. ಇದರ ಜೊತೆಗೆ ಕರೋನರ್ ಅನ್ನೋ ಅಧಿಕಾರಿ ಬಹಿರಂಗ ವಿಚಾರಣೆ ನಡೆಸ್ತಾರೆ. ಇಂಥ ಸಾವು ಮತ್ತೆ ಆಗದಂತೆ ಏನು ಮಾಡ್ತೀರಿ ಅಂತ ಅವರು ಬರೆದು ಕೇಳಿದರೆ 56 ದಿನದಲ್ಲಿ ಉತ್ತರ ಕೊಡಬೇಕು.

ಅಲ್ಲಿ ಎಲ್ಲ ಸರಿಹೋಗಿದೆ ಅಂತ ನಾನು ಹೇಳ್ತಿಲ್ಲ. ಓಂಬುಡ್ಸ್‌ಮನ್ ಶಿಫಾರಸನ್ನೂ ಜೈಲಿನವರು ಪಾಲಿಸಲೇಬೇಕು ಅಂತ ಇಲ್ಲ, ಅದೇ ಶಿಫಾರಸು ವರ್ಷ ವರ್ಷ ಮರುಕಳಿಸುತ್ತೆ, ಸಾವೂ ನಿಂತಿಲ್ಲ. ಆದರೆ ಸತ್ತವನ ತಾಯಿಗೆ ಓದೋಕೆ ಒಂದು ವರದಿ ಇರುತ್ತೆ. ಅದನ್ನು ಬರೆದವರು ಆ ಜೈಲಿನ ಸಂಬಳ ತಿನ್ನೋರಲ್ಲ.

ನಮ್ಮಲ್ಲಿ ಹೊಸ ಕಾನೂನಿಗೆ ಕಾಯೋ ಮುಂಚೆ ಇರೋದನ್ನ ಬಳಸೋಣ. ನಿಮ್ಮ ಕಡೆಯವರು ಯಾರಾದರೂ ಒಳಗೆ ತೀರಿಕೊಂಡರೆ, ಆ ಹೊತ್ತಿನಲ್ಲಿ ತಲೆ ಓಡಲ್ಲ, ಹಾಗಾಗಿ ಈಗಲೇ ಹೇಳಿಡ್ತೀನಿ. ನ್ಯಾಯಾಂಗ ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು, ಅದರಲ್ಲಿ ನಾವು ಹಾಜರಿರ್ತೀವಿ ಅಂತ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳಿ. ಶವಪರೀಕ್ಷೆ ವಿಡಿಯೋ ಆಗ್ತಿದೆಯಾ ಅಂತ ಕೇಳಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಜೈಲಿನ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಅವತ್ತೇ ಅರ್ಜಿ ಕೊಡಿ. ಎಲ್ಲ ಜೈಲುಗಳಲ್ಲೂ ಕ್ಯಾಮೆರಾ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಮಾನವ ಹಕ್ಕು ಆಯೋಗಕ್ಕೆ ವರ್ಷದೊಳಗೆ ದೂರು ಹೋಗಲಿ, ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಾಗಿಲ್ಲ.

ಬ್ರಿಟಿಷರು ಮಾಡಿದ 1894ರ ಕಾರಾಗೃಹ ಕಾಯ್ದೆಯ 15ನೇ ಕಲಮು ಓದಿದರೆ ಮೈ ಜುಮ್ಮೆನ್ನುತ್ತೆ. ಕೈದಿ ಸತ್ತ ಕೂಡಲೇ ಜೈಲಿನ ವೈದ್ಯರು ಒಂದು ಪುಸ್ತಕದಲ್ಲಿ ಬರೆಯಬೇಕು: ಕಾಯಿಲೆ ಅಂತ ಅವನು ಮೊದಲು ಹೇಳಿದ ದಿನ ಯಾವುದು, ಅವತ್ತು ಯಾವ ಕೆಲಸಕ್ಕೆ ಹಾಕಿದ್ದರು, ಏನು ಊಟ ಕೊಡ್ತಿದ್ದರು, ವೈದ್ಯರಿಗೆ ಗೊತ್ತಾದದ್ದು ಯಾವಾಗ, ಆಸ್ಪತ್ರೆಗೆ ಸೇರಿಸಿದ್ದು ಯಾವಾಗ, ಸಾಯೋ ಮುಂಚೆ ಕೊನೆಯ ಸಲ ನೋಡಿದ್ದು ಯಾವಾಗ. ಕರ್ನಾಟಕಕ್ಕೆ 1963ರಲ್ಲಿ ಬೇರೆ ಕಾಯ್ದೆ ಬಂತು, ಆದರೆ ಪ್ರಶ್ನೆಗಳು ಯಾವ ಕಾಯ್ದೆಗೂ ಹಳೆಯವಾಗಲ್ಲ. ದೊಡ್ಡವ್ವ ಕೇಳಿದ್ದೂ ಇದನ್ನೇ. ನೂರಾ ಮೂವತ್ತು ವರ್ಷದಿಂದ ಈ ದೇಶಕ್ಕೆ ಏನು ಕೇಳಬೇಕು ಅನ್ನೋದು ಗೊತ್ತಿದೆ. ಆ ಪುಸ್ತಕವನ್ನು ಜೈಲಿಗೆ ಸಂಬಂಧಪಡದವರೊಬ್ಬರು ತೆರೆದು, ಬರೆದಿರೋದು ಸರಿಯಾ ಅಂತ ಅಲ್ಲಿದ್ದವರನ್ನು ಕೇಳಿ ನೋಡಿ, ಆಮೇಲೆ ಮನೆಯವರ ಮುಂದೆ ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಬೇಕು. ಕೇಳ್ತಿರೋದು ಅಷ್ಟೇ.